ಹೂಜಿಯ ಪಕ್ಕದ ಕುರ್ಚಿ

ನಮ್ಮ ಕಡೆ ಅತಿಥಿ ಸತ್ಕಾರವೆಂದರೆ ಬಿಸಿ. ದೋಸೆ ಕಾವಲಿಯಿಂದ ನೇರ ತಟ್ಟೆಗೆ ಬೀಳಬೇಕು, ಹೋಳಿಗೆಯ ಮೇಲೆ ತುಪ್ಪ ಕರಗಬೇಕು, ಕಾಫಿಯ ಲೋಟ ಕೈ ಸುಡಬೇಕು. ಇಷ್ಟೆಲ್ಲ ಬಿಸಿ ಒದಗಿಸುವವಳು ಹಜಾರದಲ್ಲಿ ಕೂತಿರುವುದಾದರೂ ಹೇಗೆ? ಅವಳ ಪಾಲಿಗೆ ನೆಂಟರೆಂದರೆ ಅಡುಗೆಮನೆಯ ತನಕ ಕೇಳಿಬರುವ ನಗು. ಏನು ಹೇಳಿ ನಕ್ಕರು ಎನ್ನುವುದು ಎಲ್ಲರೂ ಹೊರಟುಹೋದ ಮೇಲೆ ಗಂಡನಿಂದ ತಿಳಿಯಬೇಕು. ಅಷ್ಟರಲ್ಲಿ ಅವನಿಗೆ ಅರ್ಧ ಮರೆತಿರುತ್ತದೆ.

ಬಿಳಿ ವೈನಿನಲ್ಲಿ ಹಣ್ಣಿನ ಹೋಳು ನೆನೆಸಿ ತಣ್ಣಗೆ ಕೊಡುವ ಸಂಗ್ರಿಯಾ ಎಂದರೆ ನನಗೆ ಪ್ರೀತಿ. ಅದಕ್ಕೆ ಕಾರಣ ಅಮಲಲ್ಲ. (ನಮ್ಮಕ್ಕ ಇದನ್ನು ನಂಬುವುದಿಲ್ಲ.) ಅತಿಥಿಗಳು ಬರುವ ಮೂರು ನಾಲ್ಕು ಗಂಟೆ ಮೊದಲೇ ಕೆಲಸವೆಲ್ಲ ಮುಗಿದಿರುವ ಸತ್ಕಾರ ಅದು. ಅವರು ಬಂದ ಮೇಲೆ ಮಾಡುತ್ತೇನೆಂದರೆ ಆಗುವುದೂ ಇಲ್ಲ. ಕುರ್ಚಿ ಎಳೆದುಕೊಂಡು ಎಲ್ಲರ ನಡುವೆ ಕೂರದೆ ಗತ್ಯಂತರವಿಲ್ಲ.

ಇದನ್ನು ಕಲಿತದ್ದು ಸ್ಪೇನಿನ ಸರಗೋಸಾದಲ್ಲಿ, ಮಗಳ ಮನೆಯಲ್ಲಿ. ಎಬ್ರೋ ನದಿಯ ದಂಡೆಯ ಊರು. ಜುಲೈ ಬಂತೆಂದರೆ ರಾಯಚೂರಿನವರೂ ಕಿಟಕಿ ಮುಚ್ಚಿಕೊಳ್ಳುವಂಥ ಬಿಸಿಲು. ಮಧ್ಯಾಹ್ನವಿಡೀ ಬೀದಿಯಲ್ಲಿ ನರಪಿಳ್ಳೆ ಇರುವುದಿಲ್ಲ. ರಾತ್ರಿ ಒಂಬತ್ತಾದರೂ ಬೆಳಕು ಹೋಗುವುದಿಲ್ಲ. ಇದರಲ್ಲಿ ಸೂರ್ಯನ ತಪ್ಪಿಗಿಂತ ಗಡಿಯಾರದ ತಪ್ಪೇ ಹೆಚ್ಚು. ಗ್ರೀನಿಚ್ ರೇಖೆ ಹಾದುಹೋಗುವುದು ಆ ಸೀಮೆಯಲ್ಲೇ. ಬಾರ್ಸಿಲೋನಾಗೆ ಹೋಗುವ ಹೆದ್ದಾರಿಯಲ್ಲಿ ಆ ಜಾಗ ತೋರಿಸಲು ರಸ್ತೆಗೆ ಅಡ್ಡಲಾಗಿ ಒಂದು ಕಮಾನನ್ನೇ ಕಟ್ಟಿದ್ದಾರೆ. ನ್ಯಾಯವಾಗಿ ಅಲ್ಲಿ ಇಂಗ್ಲೆಂಡಿನ ಹೊತ್ತು ನಡೆಯಬೇಕು. ಆದರೆ 1940ರಲ್ಲಿ ಸರ್ವಾಧಿಕಾರಿ ಫ್ರಾಂಕೋನ ಸರ್ಕಾರ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿ ಜರ್ಮನಿಯ ಹೊತ್ತಿಗೆ ಸೇರಿಸಿತು, ಆಮೇಲೆ ಯಾರೂ ಹಿಂದೆ ತಿರುಗಿಸಲಿಲ್ಲ. ಬೇಸಿಗೆಯಲ್ಲಿ ಇನ್ನೊಂದು ಗಂಟೆ ಸೇರುತ್ತದೆ. ರಾತ್ರಿ ಹತ್ತಕ್ಕೆ ಊಟಕ್ಕೆ ಕರೆದರೆಂದು ನಾನು ಮೊದಮೊದಲು ಗೊಣಗುತ್ತಿದ್ದೆ. ಸೂರ್ಯನ ಲೆಕ್ಕದಲ್ಲಿ ಅದು ಎಂಟೇ ಗಂಟೆ ಎಂದು ಅಳಿಯ ಸಮಾಧಾನ ಹೇಳಿದ. ಹೊಟ್ಟೆ ಯಾರ ಲೆಕ್ಕ ಕೇಳುತ್ತದೆ?

ಆ ಉದ್ದನೆಯ ಸಂಜೆಯನ್ನು ಕಳೆಯಲು ಕೆಳಮನೆಯ ಅಜ್ಜಿ ಹೂಜಿ ತುಂಬಿಸುತ್ತಿದ್ದರು. ಮಣ್ಣಿನ ಹೂಜಿ, ಬಣ್ಣದ ಹೂಗಳು, ಬಗ್ಗಿಸಿದಾಗ ಮಂಜುಗಡ್ಡೆ ದಬದಬ ಬೀಳದಂತೆ ಚಿವುಟಿದ ಮೂತಿ, ಒಳಗೊಂದು ಉದ್ದ ಮರದ ಸೌಟು. ಬಾರುಗಳಲ್ಲಿ ಕೊಡುವ ಸಂಗ್ರಿಯಾ ಪ್ರವಾಸಿಗರಿಗೆ ಎಂದು ಆಕೆಯ ತೀರ್ಮಾನ. ಹೊರಗೆ ಹೋದರೆ ತಾವು ಕೇಳುವುದು ‘ತಿಂತೊ ದೆ ವೆರಾನೊ’, ಅಂದರೆ ಕೆಂಪು ವೈನಿಗೆ ನಿಂಬೆ ಸೋಡಾ. ಸಂಗ್ರಿಯಾ ಮನೆಯಲ್ಲೇ, ಹತ್ತು ಜನ ಸೇರಿದಾಗಲೇ.

ಆಕೆ ಮೊದಲು ವೈನ್ ಬಾಟಲಿ ಮುಟ್ಟುತ್ತಲೇ ಇರಲಿಲ್ಲ. ಎರಡು ಪೀಚ್, ಒಂದು ಹಸಿರು ಸೇಬು, ಒಂದು ಕಿತ್ತಳೆ, ಅರ್ಧ ನಿಂಬೆ. ಹೆಚ್ಚಿದ ಹಣ್ಣಿಗೆ ಎರಡು ದೊಡ್ಡ ಚಮಚ ಸಕ್ಕರೆ ಉದುರಿಸಿ, ಸಣ್ಣ ಲೋಟದಲ್ಲಿ ಬ್ರಾಂಡಿ ಸುರಿದು, ಅರ್ಧ ಗಂಟೆ ಅದರ ಪಾಡಿಗೆ ಬಿಡುವುದು. ಸಕ್ಕರೆ ಹಣ್ಣಿನೊಳಗಿನ ನೀರನ್ನು ಹೊರಗೆಳೆಯುತ್ತದೆ. ಬಾಳೆಹಣ್ಣಿಗೆ ಬೆಲ್ಲ ಕಲಸಿಟ್ಟ ರಸಾಯನ ತಾನಾಗಿ ರಸ ಬಿಟ್ಟುಕೊಳ್ಳುವ ಹಾಗೆ. ಕಿತ್ತಳೆ ಸಿಪ್ಪೆಯ ಪರಿಮಳವಿರುವುದು ಎಣ್ಣೆಯಲ್ಲಿ, ಅದು ನೀರಿಗೆ ಜಗ್ಗುವುದಿಲ್ಲ, ಮದ್ಯಕ್ಕೆ ಕರಗುತ್ತದೆ. ಆದರೆ ಸಿಪ್ಪೆಯ ಒಳಗಿನ ಬಿಳಿ ಪದರ ಕಹಿ, ಹೊತ್ತು ಹೋದಂತೆ ಅದೂ ಇಳಿಯುತ್ತದೆ. ರಾತ್ರಿಯಿಡೀ ನೆನೆಸಿಟ್ಟರೆ ಇನ್ನೂ ರುಚಿ ಎನ್ನುವವರ ಮಾತನ್ನು ಇದಕ್ಕೇ ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಆಮೇಲೆ 750 ಮಿಲಿಲೀಟರಿನ ಒಂದು ಬಾಟಲಿ ವೈನ್ ಸುರಿದು ಎರಡು ಮೂರು ಗಂಟೆ ಫ್ರಿಜ್ಜಿನಲ್ಲಿ. ಸೋಡಾ ಮಾತ್ರ ಕೊನೆಗಳಿಗೆಯಲ್ಲಿ, ಅದೂ ತಣ್ಣಗಿರಬೇಕು. ಬೆಚ್ಚಗಿನ ಸೋಡಾ ಹೂಜಿಗೆ ಬಿದ್ದೊಡನೆ ಗ್ಯಾಸೆಲ್ಲ ಹಾರಿಹೋಗುತ್ತದೆ. ಬಾಳೆಹಣ್ಣು ಹಾಕಬೇಡಿ, ಕಪ್ಪಾಗಿ ಕಿವುಚಿಹೋಗುತ್ತದೆ.

ಪೀಚ್ ಯಾವುದಾದರೂ ಆಗುತ್ತದೆಯೇ ಎಂದು ಕೇಳಿದ್ದೆ. ಅಜ್ಜಿಗೆ ಅದೊಂದು ಧರ್ಮಸೂಕ್ಷ್ಮದ ಪ್ರಶ್ನೆ. ಅದೇ ಅರಗಾನ್ ಸೀಮೆಯ ಕಲಾಂದಾ ಎಂಬ ಊರಿನ ಪೀಚ್ ಅಲ್ಲಿಯವರಿಗೆ ದೇವರ ಸಮಾನ. ಬೇಸಿಗೆಯಲ್ಲಿ ಮರದ ಮೇಲಿರುವಾಗಲೇ ಒಂದೊಂದು ಕಾಯಿಗೂ ಕಾಗದದ ಚೀಲ ತೊಡಿಸಿ ಕಟ್ಟುತ್ತಾರೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹಳದಿಗಟ್ಟಿದ ಮೇಲೆ ಬಿಚ್ಚಿ ಕೀಳುತ್ತಾರೆ. ಅದನ್ನು ಸಂಗ್ರಿಯಾಕ್ಕೆ ಹೆಚ್ಚುವುದು ಮಹಾಪಾಪವಂತೆ. ವೈನು, ಸಕ್ಕರೆ, ಚಕ್ಕೆಯಲ್ಲಿ ನೆನೆಸಿ ಊಟದ ಕೊನೆಗೆ ತಟ್ಟೆಯಲ್ಲಿಟ್ಟು ತಿಂದರೆ ಪುಣ್ಯ. ಸಿನಿಮಾ ನಿರ್ದೇಶಕ ಲೂಯಿಸ್ ಬುನ್ಯುಯೆಲ್ ಹುಟ್ಟಿದ್ದು ಇದೇ ಕಲಾಂದಾದಲ್ಲಿ, 1900ರಲ್ಲಿ. ಆತ್ಮಕಥೆಯಲ್ಲಿ ಆ ಮಹಾನುಭಾವ ಡ್ರೈ ಮಾರ್ಟಿನಿ ಬೆರೆಸುವ ವಿಧಾನವನ್ನು ಪೂಜಾವಿಧಿಯಷ್ಟು ಶ್ರದ್ಧೆಯಿಂದ ಬರೆದಿದ್ದಾರೆ. ಮಾರ್ಟಿನಿ ಒಬ್ಬನೇ ಕೂತು ಕುಡಿಯುವವನದು. ನನಗೆ ಅದರಿಂದ ಉಪಯೋಗವಿಲ್ಲ.

ಹೆಸರುವಾಸಿಯಾದದ್ದು ಕೆಂಪು ಸಂಗ್ರಿಯಾ. 1964ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಸ್ಪೇನಿನ ಮಂಟಪಕ್ಕೆ ಹೋದ ಅಮೆರಿಕನ್ನರು ಮಾರುಹೋದದ್ದೂ ಅದಕ್ಕೇ. ನನ್ನ ಮತ ಬಿಳಿಗೆ. ಕೆಂಪು ವೈನಿನಲ್ಲಿ ದ್ರಾಕ್ಷಿ ಸಿಪ್ಪೆಯ ಒಗರು ಇರುತ್ತದೆ, ತಣ್ಣಗಾದಷ್ಟೂ ಅದು ನಾಲಿಗೆಗೆ ಹೆಚ್ಚು ತಾಗುತ್ತದೆ. ಬಿಳಿಯಲ್ಲಿ ಆ ಒಗರು ಇಲ್ಲವೆನ್ನುವಷ್ಟು ಕಡಿಮೆ, ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ ಮಾಡಿದರೂ ಅಡ್ಡಿಯಿಲ್ಲ. ಹಣ್ಣಿನ ಬಣ್ಣ ಕಾಣುತ್ತದೆ, ರುಚಿ ಬಿಡಿಬಿಡಿಯಾಗಿ ತಿಳಿಯುತ್ತದೆ. ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟ ದುಬಾರಿ ವೈನ್ ಇದಕ್ಕೆ ದಂಡ. ಸರಗೋಸಾ ಹತ್ತಿರದ ಕರಿನ್ಯೆನಾದ ಮಕಬೆಯೊ ದ್ರಾಕ್ಷಿಯ ಅಗ್ಗದ ಬಾಟಲಿ ಸಾಕು. ಇದರಿಂದ ಇನ್ನೊಂದು ಲಾಭ. ಲೋಟ ತಿರುಗಿಸಿ, ಮೂಗು ತೂರಿಸಿ, ಇದರಲ್ಲಿ ಒದ್ದೆ ಕಲ್ಲಿನ ವಾಸನೆಯಿದೆ ಎನ್ನುವ ವೈನ್ ಪಂಡಿತರಿಗೆ ಪೀಚ್ ಹೋಳು ತೇಲುವ ಲೋಟದ ಮುಂದೆ ಬಾಯಿ ಕಟ್ಟುತ್ತದೆ.

ಐರೋಪ್ಯ ಒಕ್ಕೂಟದ ಕಾನೂನು ಪಂಡಿತರನ್ನು ಮಾತ್ರ ತಡೆಯಲಾಗಿಲ್ಲ. 2014ರ ನಿಯಮದ ಪ್ರಕಾರ ಸಂಗ್ರಿಯಾದಲ್ಲಿ ಮದ್ಯಸಾರ ಶೇ 4.5ಕ್ಕಿಂತ ಕಡಿಮೆ ಇರಬಾರದು, 12 ಮುಟ್ಟಬಾರದು. ಸ್ಪೇನ್, ಪೋರ್ಚುಗಲ್ ಬಿಟ್ಟು ಬೇರೆಡೆ ಮಾಡಿದ್ದಾದರೆ ಎಲ್ಲಿಯದೆಂದು ಸೀಸೆಯ ಮೇಲೆ ಬರೆಯಬೇಕು. ಬಿಳಿ ವೈನಿನದಕ್ಕಂತೂ ಆ ನಿಯಮ ‘ಕ್ಲಾರೆಯಾ’ ಎಂದು ಬೇರೆಯೇ ಹೆಸರು ಇಟ್ಟಿದೆ. ಅಜ್ಜಿ ಆ ಹೆಸರನ್ನು ಕೇಳಿಯೇ ಇರಲಿಲ್ಲ.

“ಅತ್ತೆ, ಇದನ್ನ ಪಾನಕ ಅಂದ್ಕೊಂಡು ಕುಡಿರಿ” ಎಂದು ಮೊದಲ ಸಲ ಅಳಿಯ ಲೋಟ ಕೊಟ್ಟಿದ್ದ. ರಾಮನವಮಿಯ ಬೆಲ್ಲ, ಶುಂಠಿ, ಏಲಕ್ಕಿಯ ಪಾನಕಕ್ಕೆ ಇದನ್ನು ಹೋಲಿಸುವುದು ಬೇಡಪ್ಪ ಎಂದೆ. ಪಾನಕ ಯಾರನ್ನೂ ಮೋಸ ಮಾಡುವುದಿಲ್ಲ. ಇಲ್ಲಿ ಸಿಹಿಯೂ ತಂಪೂ ಸೇರಿಕೊಂಡು ಮದ್ಯವನ್ನು ಅಡಗಿಸಿಡುತ್ತವೆ. ಹೋಳುಗಳೂ ಸುಮ್ಮನಿರುವುದಿಲ್ಲ: ರಸ ಬಿಟ್ಟುಕೊಟ್ಟು ಮದ್ಯ ಹೀರಿಕೊಂಡಿರುತ್ತವೆ.

ಬೆಂಗಳೂರಿನಲ್ಲಿ ಏಪ್ರಿಲ್ ಮೇ ತಿಂಗಳ ಸಂಜೆಗೆ ಇದನ್ನೇ ಮಾಡುತ್ತೇನೆ. ನಂದಿಬೆಟ್ಟದ ತಪ್ಪಲಿನಲ್ಲೇ ವೈನ್ ಆಗುತ್ತದೆ, ಸಿಹಿಯಿಲ್ಲದ ಬಿಳಿಯದು ಒಂದು ಬಾಟಲಿ ತಂದರಾಯಿತು. ಪೀಚ್ ಸಿಗದಿದ್ದರೆ ತೋತಾಪುರಿ ಮಾವು, ಗಟ್ಟಿಯಾಗಿರುವಾಗಲೇ. ರಸಪುರಿ ಹಾಕಿದರೆ ಹೂಜಿಯೆಲ್ಲ ಸೀಕರಣೆ. ಕಳೆದ ಬೇಸಿಗೆಯಲ್ಲಿ ಎಲ್ಲರೂ ತಾರಸಿಯಲ್ಲಿ ಕೂತಿದ್ದಾಗ ಮೈದುನ, “ಅತ್ತಿಗೆ, ಜೊತೆಗೆ ಬಿಸಿ ಬಜ್ಜಿ ಏನಾದ್ರೂ?” ಎಂದ. ಕಡಲೆಹಿಟ್ಟು ಯಾವ ಡಬ್ಬಿಯಲ್ಲಿದೆ ಎಂದು ಕೂತಲ್ಲಿಂದಲೇ ಹೇಳಿದೆ. ಆಸೆ ಅಲ್ಲಿಗೇ ತಣ್ಣಗಾಯಿತು. ಬಜ್ಜಿಯ ಬದಲು ಹೂಜಿಯ ತಳದ ಮಾವಿನ ಹೋಳುಗಳನ್ನು ಫೋರ್ಕಿನಿಂದ ಚುಚ್ಚಿ ಚುಚ್ಚಿ ತಿನ್ನುತ್ತ ಕೂತ. ಕಾರು ಓಡಿಸಬೇಕೆಂದು ಲೋಟ ಮುಟ್ಟಿರಲಿಲ್ಲ ಪಾಪ. ಹೊರಡುವಾಗ ಕೀಲಿ ಹುಡುಕುತ್ತ, “ನಾನು ಬರೀ ಹಣ್ಣು ತಿಂದಿದ್ದು ಅತ್ತಿಗೆ” ಎಂದು ಸ್ವಲ್ಪ ದೊಡ್ಡ ದನಿಯಲ್ಲೇ ಹೇಳಿದ. ಓರಗಿತ್ತಿ ಕೀಲಿಯನ್ನು ಆಗಲೇ ತನ್ನ ಬ್ಯಾಗಿಗೆ ಹಾಕಿಕೊಂಡಿದ್ದಳು.