ಮುರಿದ ಯಂತ್ರದ ಕುಲಗೋತ್ರ

ಹೊಗೆಯನ್ನು ಕಂಡು ಬೆಟ್ಟದಲ್ಲಿ ಬೆಂಕಿಯುಂಟೆಂದು ಊಹಿಸುವ ಕ್ರಮವನ್ನು ಪಾಠಶಾಲೆಯಲ್ಲಿ ಕಲಿತವನು ನಾನು. ಮುಂದೆ ಮೂವತ್ತು ವರ್ಷ ಅದನ್ನೇ ಹುಡುಗರಿಗೆ ಹೇಳಿಕೊಟ್ಟವನು. ಬೆಂಕಿಯಾರಿ ಎಂಬತ್ತು ವರ್ಷಗಳಾದ ಮೇಲೆ, ಹೊಗೆಯ ಸುಳಿವೂ ಇಲ್ಲದ ಬೆಟ್ಟದಲ್ಲಿ, ಸುಟ್ಟುಹೋದುದು ಯಾವುದೆಂದು ನಿರ್ಣಯಿಸುವ ಶಾಸ್ತ್ರವೂ ಒಂದುಂಟೆಂಬುದು ವಿಶ್ರಾಂತಿಯ ದಿನಗಳಲ್ಲಿ ತಿಳಿಯಿತು. ಯುದ್ಧಕಾಲದಲ್ಲಿ ಬಿದ್ದ ವಿಮಾನಗಳ ಎಂಜಿನು ಭಾಗಗಳನ್ನು ಗುರುತಿಸುವ ಶಾಸ್ತ್ರವದು. ಎಂಜಿನುಗಳ ಕಾರ್ಖಾನೆಯಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬನು ರಜೆಗೆ ಬಂದಾಗಲೆಲ್ಲ ನಮ್ಮ ಜಗಲಿಯಲ್ಲಿ ಕುಳಿತು ಅದನ್ನು ಬಿಡಿಸಿ ಹೇಳಿದನು.

ಜಪಾನೀಯರು ಬರ್ಮಾ ರಸ್ತೆಯನ್ನು ಕಡಿದುಹಾಕಿದ ಮೇಲೆ, 1942 ರಿಂದ 1945 ರವರೆಗೆ ಅಮೆರಿಕದ ವಿಮಾನಗಳು ಅಸ್ಸಾಮಿನಿಂದ ಚೀನದ ಕುನ್ಮಿಂಗಿಗೆ ಪರ್ವತಗಳನ್ನು ದಾಟಿ ಸಾಮಗ್ರಿಯನ್ನು ಸಾಗಿಸಿದುವು. ವೈಮಾನಿಕರು ಆ ಮಾರ್ಗವನ್ನು 'ಹಂಪ್', ಎಂದರೆ ಡುಬ್ಬ, ಎಂದು ಕರೆದರು. ಅಲ್ಲಿ ನಾಶವಾದ ವಿಮಾನಗಳು 500 ಕ್ಕೂ ಹೆಚ್ಚು. ಇಂದಿನ ಅರುಣಾಚಲದ ಕಾಡುಗಳಲ್ಲಿ ಅವುಗಳ ಅವಶೇಷಗಳು ಇನ್ನೂ ಬಿದ್ದಿವೆ. ತೆಳುವಾದ ತಗಡನ್ನು ಗುಡ್ಡದ ಜನರು ತಮ್ಮ ಪಾತ್ರೆ ಪದಾರ್ಥಗಳಿಗೆ ಬಳಸಿಕೊಂಡರು; ಎಂಜಿನು ಭಾರವಾದುದರಿಂದ ಬಹುಮಟ್ಟಿಗೆ ಬಿದ್ದಲ್ಲಿಯೇ ಉಳಿಯಿತು.

ಗುರುತಿಸುವವನು ಮೊದಲು ಜಾತಿಯನ್ನು ನೋಡುತ್ತಾನೆ. ಸಿಲಿಂಡರುಗಳು ತಾವರೆಯ ಎಸಳುಗಳಂತೆ ಸುತ್ತ ಹರಡಿದ್ದು, ಒಂದೇ ಸುತ್ತಿನಲ್ಲಿ 9 ಇದ್ದರೆ ಅದು ರೈಟ್ ಕಂಪನಿಯ 'ಆರ್-1820' ಆಗಬಹುದು. ಎರಡು ಸುತ್ತಿನಲ್ಲಿ 14 ಇದ್ದರೆ ಪ್ರ್ಯಾಟ್ ಅಂಡ್ ವಿಟ್ನಿಯವರ 'ಆರ್-1830'. 18 ಇದ್ದರೆ ಅವರದೇ 'ಆರ್-2800'. ಅಂಕಿಯು ಸಿಲಿಂಡರುಗಳ ಒಟ್ಟು ಗಾತ್ರವನ್ನು ಘನ ಅಂಗುಲಗಳಲ್ಲಿ ಹೇಳುತ್ತದೆ. ಒಂದೇ ಸಿಲಿಂಡರು ಸಿಕ್ಕಿದರೂ ಒಳವ್ಯಾಸವನ್ನು ಅಳೆಯಬಹುದು: 1830 ರಲ್ಲಿ ಅದು ಐದೂವರೆ ಅಂಗುಲ, 2800 ರಲ್ಲಿ ಐದೂಮುಕ್ಕಾಲು. ಯುರೋಪಿನ ಹೊಲಗಳಲ್ಲಿ ಪರೀಕ್ಷೆ ಬೇರೆ. ಇಂಗ್ಲೆಂಡಿನ ಮರ್ಲಿನ್ ಎಂಜಿನಿನ 12 ಸಿಲಿಂಡರುಗಳು ಮೇಲ್ಮುಖವಾಗಿ ಎರಡು ಸಾಲು ನಿಂತಿರುತ್ತವೆ. ಜರ್ಮನಿಯ ಡೈಮ್ಲರ್-ಬೆಂಜ್ 601 ರಲ್ಲಿ ಅವೇ 12 ತಲೆಕೆಳಗಾಗಿ ಇಳಿಬಿದ್ದಿರುತ್ತವೆ. ತಿರುಪಿನ ಮರೆಯೂ ಸಾಕ್ಷಿಯೇ: ಇಂಗ್ಲಿಷರ ವಿಟ್‌ವರ್ತ್ ಮರೆಯ ಕೋನ 55 ಅಂಶ, ಅಮೆರಿಕನರದು 60.

"ಆದರೆ ಮೇಷ್ಟ್ರೇ, ಜನ ಎಡವುವುದು ಇಲ್ಲಿಯೇ" ಎಂದನು ಶಿಷ್ಯ. ಅಮೆರಿಕದ ಪ್ಯಾಕರ್ಡ್ ಕಂಪನಿಯು ಮರ್ಲಿನ್ ಎಂಜಿನನ್ನು ತಯಾರಿಸಿದಾಗ ಇಂಗ್ಲಿಷರ ಮರೆಯನ್ನೇ ಉಳಿಸಿಕೊಂಡಿತು. ಆದುದರಿಂದ ಮರೆಯೊಂದನ್ನೇ ನಂಬಿ ಹುಟ್ಟಿದ ದೇಶವನ್ನು ಹೇಳಲಾಗದು. ಹಾಗೆಯೇ 'ಆರ್-1830' ಎರಡು ಎಂಜಿನುಗಳ ಸಿ-47 ಸಾಗಾಟದ ವಿಮಾನದಲ್ಲಿಯೂ ಉಂಟು, ನಾಲ್ಕು ಎಂಜಿನುಗಳ ಬಿ-24 ಬಾಂಬರಿನಲ್ಲಿಯೂ ಉಂಟು. ನೈಯಾಯಿಕರು ಇದನ್ನೇ ಸವ್ಯಭಿಚಾರ ಹೇತುವೆನ್ನುವರು; ಎರಡು ಕಡೆಯೂ ಇರುವ ಲಕ್ಷಣದಿಂದ ಒಂದನ್ನು ಸಾಧಿಸಲಾಗದು. ಆಗ ಇನ್ನೊಂದು ಲಕ್ಷಣವನ್ನು ಹುಡುಕಬೇಕು. ಎಂಜಿನಿನ ಹೊಗೆಯ ವೇಗದಿಂದಲೇ ತಿರುಗಿ ಗಾಳಿಯನ್ನೊತ್ತುವ ಟರ್ಬೊ ಚಕ್ರವು ಬಿ-24 ರಲ್ಲಿ ಉಂಟು, ಸಿ-47 ರಲ್ಲಿ ಇಲ್ಲ. ಅದು ಪಕ್ಕದಲ್ಲಿ ಸಿಕ್ಕಿದರೆ ಸಂಶಯವು ಕಳೆಯಿತು.

ಜಾತಿಯಿಂದ ವ್ಯಕ್ತಿಗೆ ಬರಲು ಸಂಖ್ಯೆ ಬೇಕು. 1943 ರಿಂದ ಅಮೆರಿಕದ ವಾಯುಸೇನೆಯು ಕಾಣೆಯಾದ ವಿಮಾನಕ್ಕೊಂದು ವರದಿಯನ್ನು ಬರೆಯಿಸಿತು. ಅದರಲ್ಲಿ ಆಳುಗಳ ಹೆಸರುಗಳ ಜೊತೆಗೆ ಎಂಜಿನುಗಳ ಮತ್ತು ಬಂದೂಕುಗಳ ಸಂಖ್ಯೆಗಳನ್ನೂ ಬರೆಯುವ ಸ್ಥಳವಿತ್ತು. ದುರಸ್ತಿಯಲ್ಲಿ ಒಂದು ವಿಮಾನದ ಎಂಜಿನು ಇನ್ನೊಂದಕ್ಕೆ ಹೋಗುವುದುಂಟು. 1940 ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿಯೂ ಯುದ್ಧದ ನಡುವೆ ಅಮೆರಿಕದ ವಿಮಾನಗಳ ದುರಸ್ತಿ ನಡೆಯಿತಷ್ಟೆ. ಆದುದರಿಂದ ಒಂದು ಸಂಖ್ಯೆ ಸಾಲದು. ಎರಡು ಮೂರು ಕೂಡಿಬಂದರೆ ನಿರ್ಣಯವು ಗಟ್ಟಿ.

ಇಷ್ಟು ಶ್ರಮವು ಏತಕ್ಕೆಂದು ವಾಚಕರು ಕೇಳಬಹುದು. ನಮ್ಮ ದೊಡ್ಡಪ್ಪನವರು ಸೈನ್ಯದಲ್ಲಿ ಗುಮಾಸ್ತರಾಗಿ ಬರ್ಮಾಕ್ಕೆ ಹೋದವರು. 1942 ರ ನಂತರ ಸುದ್ದಿಯಿಲ್ಲ. ಹನ್ನೆರಡು ವರ್ಷ ಕಾದು, ಮುತ್ತುಗದ ಎಲೆಗಳಿಂದ ಪ್ರತಿಕೃತಿಯನ್ನು ಮಾಡಿ ಸಂಸ್ಕಾರವನ್ನು ನಡೆಯಿಸಿದರು. ಅಜ್ಜಿ ಆ ದಿನ ಅಡಿಗೆಯ ಮನೆಗೆ ಬರಲಿಲ್ಲವಂತೆ. "ನೋಡಿದವರು ಯಾರು?" ಎಂದಷ್ಟೇ ಕೇಳಿದರಂತೆ. ಅವರಿಗೆ ಉತ್ತರ ಹೇಳುವವರಿರಲಿಲ್ಲ. ತಿಥಿ ತಿಳಿಯದುದರಿಂದ ಇಂದಿಗೂ ಅವರಿಗೆ ಅಮಾವಾಸ್ಯೆಯೇ ಗತಿ. ಪ್ರತ್ಯಕ್ಷವಿಲ್ಲದ ಮರಣಕ್ಕೆ ಅನುಮಾನವಾದರೂ ಬೇಡವೆ?

1944 ರ ಜನವರಿ 25 ರಂದು ಕುನ್ಮಿಂಗಿನಿಂದ ಅಸ್ಸಾಮಿನ ಚಬುವಾಕ್ಕೆ ಹೊರಟ ಬಿ-24 ಒಂದು ಮರಳಲಿಲ್ಲ. ಅದರಲ್ಲಿ ಎಂಟು ಜನರಿದ್ದರು. ಅದು ಬಿದ್ದ ಸ್ಥಳವು 2006 ರಲ್ಲಿ ಅರುಣಾಚಲದಲ್ಲಿ ಪತ್ತೆಯಾಯಿತು. ಅಲ್ಲಿ ದೊರೆತ ಅಸ್ಥಿಗಳಿಂದ ಒಬ್ಬ ಯುವಕನ ಗುರುತು ಸಿಕ್ಕಿ, 2017 ರಲ್ಲಿ ಅವನ ಸ್ವಂತ ನಾಡಿನಲ್ಲಿ ಅಂತ್ಯಕ್ರಿಯೆಯಾಯಿತು. ಎಪ್ಪತ್ತಮೂರು ವರ್ಷಗಳ ಮೇಲೆ ಒಂದು ಮನೆಯವರಿಗೆ ದಿನವೂ ಸ್ಥಳವೂ ತಿಳಿದುವು.

ಇಂಗ್ಲೆಂಡಿನಲ್ಲಿ 1986 ರ ಶಾಸನದ ಮೇರೆಗೆ ಅಪ್ಪಣೆಯಿಲ್ಲದೆ ಇಂತಹ ಸ್ಥಳವನ್ನು ಅಗೆಯಕೂಡದು. ಪಾಸಿಘಾಟಿನಲ್ಲಿ 2023 ರ ನವೆಂಬರಿನಲ್ಲಿ ಹಂಪ್ ಮಾರ್ಗದ ವಸ್ತುಸಂಗ್ರಹಾಲಯವು ತೆರೆಯಿತು. ಸೈನ್ಯದಲ್ಲಿದ್ದ ಬಂಧುಗಳು ಅಂತಹ ಲೋಹದ ತುಂಡನ್ನು ನಮ್ಮ ಮನೆಗಳಿಗೆ ತಂದಿಟ್ಟಿದ್ದರೆ, ಹುಣಿಸೆಹಣ್ಣಿನಿಂದ ತಿಕ್ಕಿ ಹೊಳಪು ಕೊಡದಿರೋಣ; ತಿಕ್ಕಿದರೆ ಅಂಕಿಗಳು ಸವೆಯುವುವು. ಸಿಕ್ಕಿದ ಸ್ಥಳವನ್ನು ಬರೆದಿಟ್ಟು, ಅಂಕಿಗಳ ಚಿತ್ರವನ್ನು ತೆಗೆದು, ಬಲ್ಲವರಿಗೆ ತೋರಿಸುವುದು ಉತ್ತಮ. ಅದು ಯಾರ ಮನೆಯ ತಿಥಿಯೋ ಯಾರು ಬಲ್ಲರು?