ಐದು ಮನೆಯ ಅಡಿಕೆ

ನಿಘಂಟು ಬರೆದ ಮಹನೀಯರು ಪದಬಂಧ ಬಿಡಿಸುವವರನ್ನು ಲೆಕ್ಕಕ್ಕೇ ಹಿಡಿದಿಲ್ಲ. ಮೊದಲ ಅಕ್ಷರ ಗೊತ್ತಿದ್ದವರಿಗಷ್ಟೇ ಅಲ್ಲಿ ಪ್ರವೇಶ. ‘ಇಂಗ್ಲಿಷಿನ ಐದಕ್ಷರ, ನಡುವೆ ಇ, ಕೊನೆಗೆ ಎ’ ಎಂದು ಕೇಳಿಕೊಂಡು ಹೋದವನು ಜಗಲಿಯಲ್ಲೇ ಕೂತಿರಬೇಕು.

ಮಂಗಳೂರಲ್ಲಿದ್ದುಕೊಂಡು ಹೀಗೆ ದೂರುವುದಕ್ಕೆ ಸ್ವಲ್ಪ ಧೈರ್ಯ ಬೇಕು. ಇದು ನಿಘಂಟುಗಳ ಊರು. ಬಾಸೆಲ್ ಮಿಶನ್ ಪ್ರೆಸ್ಸಿನಿಂದ 1883ರಲ್ಲಿ ಮಫೇಯಿ ಪಾದ್ರಿಗಳ ಕೊಂಕಣಿ ನಿಘಂಟು ಬಂತು, 1886ರಲ್ಲಿ ಮ್ಯಾನರ್ ಅವರ ತುಳು ನಿಘಂಟು, 1894ರಲ್ಲಿ ಕಿಟ್ಟೆಲರ ಸುಮಾರು 70,000 ಶಬ್ದಗಳ ಕನ್ನಡ ನಿಘಂಟು. ಮಫೇಯಿ ಜೆಸ್ವಿಟರು, ಪ್ರೆಸ್ಸಿನವರು ಪ್ರೊಟೆಸ್ಟಂಟರು. ಶಬ್ದದ ವಿಷಯಕ್ಕೆ ಬಂದಾಗ ಆ ಜಗಳ ಅಷ್ಟಾಗಿ ಅಡ್ಡ ಬಂದಂತಿಲ್ಲ. ಹನ್ನೊಂದು ವರ್ಷದೊಳಗೆ ಮೂರು ಭಾಷೆ! ಮೂರೂ ಇಟ್ಟುಕೊಂಡರೂ ನನ್ನ ಐದಕ್ಷರ ಮಾತ್ರ ಸಿಗುವುದಿಲ್ಲ, ಅದು ಬೇರೆ ಮಾತು.

ಐದಕ್ಷರದ ಹುಚ್ಚು ಹಿಡಿಸಿದ್ದು ವರ್ಡಲ್. ಜಾಶ್ ವಾರ್ಡಲ್ ಎಂಬಾತ 2021ರಲ್ಲಿ ಊರಿಗೆಲ್ಲ ಬಿಟ್ಟುಕೊಟ್ಟ ಆಟ. ಮರುವರ್ಷ ಜನವರಿ ಮುಗಿಯುವಷ್ಟರಲ್ಲಿ ನ್ಯೂಯಾರ್ಕ್ ಟೈಮ್ಸ್ ಕೊಂಡಾಗಿತ್ತು. ಆರು ಅವಕಾಶ, ಅಕ್ಷರ ಇದ್ದು ಜಾಗ ತಪ್ಪಿದರೆ ಹಳದಿ, ಜಾಗವೂ ಸರಿಯಾದರೆ ಹಸಿರು, ಇಲ್ಲವೇ ಇಲ್ಲದಿದ್ದರೆ ಬೂದು.

ಕಂಕನಾಡಿಯಿಂದ ಸ್ಟೇಟ್‌ಬ್ಯಾಂಕಿಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಸೀಟಿನ ಕಾಲೇಜು ಹುಡುಗಿ ಮೊಬೈಲಿನಲ್ಲಿ ಇದನ್ನೇ ಆಡುತ್ತಿದ್ದಳು. ನಡುವಿನ ಇ ಹಸಿರು, ಕೊನೆಯ ಎ ಹಸಿರು, ಉಳಿದದ್ದು ಖಾಲಿ. ಬೇರೆಯವರ ಪದಬಂಧಕ್ಕೆ ಬಾಯಿ ಹಾಕಬಾರದೆಂದು ಗೊತ್ತಿದ್ದೂ “ಅರೆಕಾ ಹಾಕಿ ನೋಡಮ್ಮ” ಎಂದೆ.

“ಹಾಗೆಂದರೆ ಎಂತ ಅಂಕಲ್?”

“ಅಡಿಕೆ.”

ಹುಡುಗಿ ಪುತ್ತೂರಿನವಳಂತೆ. ಮನೆಯಲ್ಲಿ ಅಡಿಕೆ ತೋಟ ಉಂಟಂತೆ. ನಂಬಿಕೆಯಿಲ್ಲದೆ ಒತ್ತಿದಳು. ನಾಲ್ಕು ಮನೆ ಹಸಿರು, ಸಿ ಒಂದು ಬೂದು. ಕ್ಷಣದಲ್ಲಿ ಅವಳೇ ಸಿ ತೆಗೆದು ಎನ್ ಹಾಕಿ ‘ಅರೀನಾ’ ಮಾಡಿ ಗೆದ್ದಳು. ಅರೀನಾ ಎಂದರೆ ಲ್ಯಾಟಿನ್ನಿನಲ್ಲಿ ಮರಳು. ಮರಳಿಗೂ ಅಡಿಕೆಗೂ ಒಂದೇ ಅಕ್ಷರದ ಅಂತರ! ನಮ್ಮ ಜಿಲ್ಲೆಯಲ್ಲಿ ಎರಡರದ್ದೂ ದರ ಏರಿದರೂ ಸುದ್ದಿ, ಇಳಿದರೂ ಸುದ್ದಿ.

ಅಡಿಕೆ ಗೊತ್ತಿದ್ದೂ ಅರೆಕಾ ಗೊತ್ತಿಲ್ಲದ ಈ ಹುಡುಗಿಗೆ ತದ್ವಿರುದ್ಧ ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್. ಫ್ರೆಂಚ್ ಮಾತಾಡಲು ಬಾರದ ಈ ಪುಣ್ಯಾತ್ಮ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲಿನ ವಿಶ್ವ ಚಾಂಪಿಯನ್ ಆದ. ಶಬ್ದಗಳನ್ನೆಲ್ಲ ಉದ್ದ ನೋಡಿ, ಅಕ್ಷರ ನೋಡಿ ತಲೆಗೆ ತುಂಬಿಕೊಂಡಿದ್ದ; ಅರ್ಥದ ಗೊಡವೆಗೇ ಹೋಗಿರಲಿಲ್ಲ. ಅವನ ತಲೆಯಲ್ಲಿ ಹೆಸರುಂಟು, ವಸ್ತುವಿಲ್ಲ. ಪುತ್ತೂರಿನ ಹುಡುಗಿಯ ಅಂಗಳದಲ್ಲಿ ವಸ್ತುವುಂಟು, ಆ ಹೆಸರಿಲ್ಲ. ನನ್ನ ಮತ ಹುಡುಗಿಗೆ. ಇಂಗ್ಲಿಷ್ ನಿಘಂಟು ಅರೆಕಾ ಎಂದರೆ ಒಂದು ಜಾತಿಯ ತಾಳೆ ಎಂದು ಕೈತೊಳೆದುಕೊಳ್ಳುತ್ತದೆ. ಅರ್ಥ ಬೇಕೆಂದರೆ ಬಂದರಿನ ಅಡಿಕೆ ಮಂಡಿಗೆ ಹೋಗಬೇಕು: ಹೊಸತು, ಹಳತು, ಡಬಲ್ ಚೋಲ್, ಪಟೋರ, ಉಳ್ಳಿಗಡ್ಡೆ, ಕರಿಗೋಟು. ಹೋಳು ಮಾಡಿ, ಒಳಗಿನ ಬಿಳಿ ನೋಡಿ, ದರ ಹೇಳಿ ಮುಗಿಸುತ್ತಾರೆ. ಪೋರ್ಚುಗೀಸರು ಮಲಯಾಳದ ‘ಅಡೆಕ್ಕ’ವನ್ನು ಬಾಯಿಗೆ ಬಂದಂತೆ ಅರೆಕಾ ಮಾಡಿಕೊಂಡು ಹಡಗು ಹತ್ತಿಸಿದರು. ಕೊಬ್ಬರಿಯೂ ಹಾಗೆಯೇ ಐದಕ್ಷರದ ಕೊಪ್ರಾ ಆಗಿ ಹೋಯಿತು.

ಖಾಕಿಯೂ ಇಂಗ್ಲಿಷಿನಲ್ಲಿ ಐದಕ್ಷರವೇ. ಬಾಸೆಲ್ ಮಿಶನ್ನಿನ ನೇಯ್ಗೆ ಕಾರ್ಖಾನೆಯಲ್ಲಿ ಹಾಲರ್ ಎಂಬವರು ಆ ಬಣ್ಣ ಕಂಡುಹಿಡಿದರೆಂದು ನಾವು ಹೇಳಿಕೊಳ್ಳುತ್ತೇವೆ. ಪೇಶಾವರದ ಕಡೆಯ ಸೈನಿಕರು ಅದಕ್ಕೂ ಮೊದಲೇ ಖಾಕಿ ತೊಟ್ಟಿದ್ದರೆನ್ನುವವರೂ ಇದ್ದಾರೆ. ಆ ತಕರಾರು ಹಾಗಿರಲಿ. ಇಂಗ್ಲಿಷ್ ಸ್ಕ್ರ್ಯಾಬಲಿನ ನೂರು ಬಿಲ್ಲೆಗಳಲ್ಲಿ ಕೆ ಇರುವುದು ಒಂದೇ ಒಂದು. ಖಾಕಿಗೆ ಎರಡು ಬೇಕು. ಎರಡನೆಯದಕ್ಕೆ ಬೆಲೆಯೇ ಇಲ್ಲದ ಖಾಲಿ ಬಿಲ್ಲೆ ಇಡಬೇಕು. ಅಷ್ಟರಲ್ಲಿ ಖಾಕಿ ಅಂಗಿಯ ಕಂಡಕ್ಟರ್ “ದುಂಬು ಪೋಲೆ, ದುಂಬು ಪೋಲೆ” ಎಂದು ಎಲ್ಲರನ್ನೂ ಮುಂದೆ ತಳ್ಳಿ “ಪೋಯಿ, ರೈಟ್” ಎಂದ.

ಕನ್ನಡದ ಪದಬಂಧಕ್ಕೆ ಈ ಬಿಲ್ಲೆಯ ದಾರಿದ್ರ್ಯವಿಲ್ಲ. ‘ಸ್ತ್ರೀ’ ಎಂದು ಸ, ತ, ರ, ದೀರ್ಘ ಎಲ್ಲವನ್ನೂ ಒಂದೇ ಮನೆಯಲ್ಲಿ ಸಂಸಾರ ಹೂಡಿಸಬಹುದು. ಹಿಂದೆ ಮೊಳೆ ಜೋಡಿಸುತ್ತಿದ್ದ ಕಂಪೋಸಿಟರ್‌ಗೆ ಮಾತ್ರ ಅದೇ ಒತ್ತಕ್ಷರ ತಲೆನೋವು. ಊರಿನ ಹೆಸರನ್ನೇ ನೋಡಿ. ಇಂಗ್ಲಿಷಿನಲ್ಲಿ ಮ್ಯಾಂಗಲೋರ್ ಒಂಬತ್ತಕ್ಷರ. 2014ರ ನವೆಂಬರ್ 1ರಂದು ಮಂಗಳೂರು ಆದಾಗಲೂ ಒಂಬತ್ತೇ. ಒಂದು ಒ, ಒಂದು ಇ ಅಳಿಸಿ ಎರಡು ಯು ಬರೆದರೆ ಬೋರ್ಡಿನವನ ಕೆಲಸ ಮುಗಿಯಿತು. ಕನ್ನಡದಲ್ಲಿ ಅದು ನಾಲ್ಕೇ ಮನೆ. ಪದಬಂಧ ರಚಿಸುವವರಿಗೆ ಇಷ್ಟು ಒದಗಿಬರುವ ಊರು ಇನ್ನೊಂದಿಲ್ಲ ಮಾರಾಯ್ರೆ: ಎರಡು ಮನೆ ಉಳಿದರೆ ತುಳುವಿನ ಕುಡ್ಲ, ಮೂರಾದರೆ ಬ್ಯಾರಿಗಳ ಮೈಕಾಲ, ನಾಲ್ಕಕ್ಕೆ ಕೊಂಕಣಿಯ ಕೊಡಿಯಾಲ್ ಕೂಡ ಆದೀತು. ಐದೇ ಬೇಕೆಂದು ಹಠ ಹಿಡಿದರೆ ತಲಪಾಡಿ ದಾಟಿ ಮಲಯಾಳಿಗಳನ್ನು ಕೇಳಿ; ಅವರಲ್ಲಿ ಮಂಗಲಾಪುರಂ ಉಂಟು.