ರೆಪ್ಪೆಗಳು ರಜೆ ಹೋದಾಗ

"ಮುತ್ಯಾ, ಕಣ್ಣಾಗ ಏನೋ ಬಿದ್ದೈತಿ, ಊದು" ಎಂದು ಮೊಮ್ಮಗಳು ದಿನಕ್ಕೆ ನಾಲ್ಕು ಸಲ ಓಡಿಬರುತ್ತಿದ್ದಳು. ಬಸವನ ಬಾಗೇವಾಡಿಯ ನಮ್ಮ ಹೊಲದಲ್ಲಿ ಜೋಳದ ರಾಶಿ ನಡೆದಿತ್ತು. ಹೊಟ್ಟು ಎಲ್ಲರ ಕಣ್ಣಿಗೂ ಹಾರುತ್ತದೆ. ಆದರೆ ಅದನ್ನು ತಡೆಯಲು ಅವಳಿಗೆ ರೆಪ್ಪೆಗೂದಲೇ ಇರಲಿಲ್ಲ. ಮೊದಲು ತಲೆಯಲ್ಲಿ ರೂಪಾಯಿ ನಾಣ್ಯದಷ್ಟು ಜಾಗ ನುಣ್ಣಗಾಯಿತು. ಆಮೇಲೆ ಹುಬ್ಬು, ಆಮೇಲೆ ರೆಪ್ಪೆ.

ನಮ್ಮ ಕಡೆ ಇದಕ್ಕೆ 'ಹುಳ ತಿಂದೈತಿ' ಅನ್ನುತ್ತಾರೆ. ಹುಳವೂ ಅಲ್ಲ, ಅಂಟುರೋಗವೂ ಅಲ್ಲ. ಇದರ ಹೆಸರು ಅಲೋಪೀಸಿಯಾ ಏರಿಯೇಟಾ. ರೋಗಾಣುಗಳ ಜೊತೆ ಹೋರಾಡಬೇಕಾದ ನಮ್ಮದೇ ರಕ್ಷಣಾ ಕಣಗಳು ದಾರಿ ತಪ್ಪಿ ಕೂದಲಿನ ಬುಡದ ಮೇಲೆ ಬೀಳುತ್ತವೆ. ಬುಡ ಸಾಯುವುದಿಲ್ಲ, ಹಾಗಾಗಿ ಕೂದಲು ಮತ್ತೆ ಬರಬಹುದು. ಎಷ್ಟೋ ಸಲ ಮೊದಲು ಬಿಳಿಯಾಗಿ ಬರುತ್ತದೆ.

ಇಂಡಿಯ ಬೀಗರೊಬ್ಬರು ನಿಂಬೆರಸ ತಿಕ್ಕಿರಿ ಎಂದರು. ಇಂಡಿಯವರಿಗೆ ನಿಂಬೆಯಿಂದ ಆಗದ ಕೆಲಸವೇ ಇಲ್ಲ! ನಾನೇ ತಿಕ್ಕಿದೆ. ರಸ ಹಣೆಯಿಂದ ಇಳಿದು, ತಡೆಯಲು ಹುಬ್ಬಿಲ್ಲದೆ ನೇರ ಕಣ್ಣಿಗೇ ಹೋಯಿತು. ಅವಳ ಚೀರಾಟ ಇನ್ನೂ ಕಿವಿಯಲ್ಲಿದೆ.

ವಿಜಯಪುರದ ಕಣ್ಣಿನ ಡಾಕ್ಟರು ಹನಿ ಹಾಕಿ, ಪಾಪೆ ಹಿಗ್ಗಿಸಿ ಒಳಗೆಲ್ಲ ನೋಡಿದರು. ಈ ತೊಂದರೆ ಇರುವ ಕೆಲವರ ಕಣ್ಣಿನ ಮಸೂರದಲ್ಲಿ ಸಣ್ಣ ಚುಕ್ಕೆಗಳು, ಹಿಂದಿನ ಅಕ್ಷಿಪಟದಲ್ಲಿ ಬಣ್ಣದ ಏರುಪೇರು ಕಾಣುತ್ತವಂತೆ. ಸಾಮಾನ್ಯವಾಗಿ ಅದರಿಂದ ದೃಷ್ಟಿಗೆ ಧಕ್ಕೆಯಿಲ್ಲ. ಸ್ಟಿರಾಯ್ಡ್ ಗುಳಿಗೆ ಬಹುಕಾಲ ನುಂಗಿದರೆ ಮಾತ್ರ ಅದರಿಂದಲೇ ಪೊರೆ ಬರಬಹುದು, ಕಣ್ಣಿನ ಒತ್ತಡ ಏರಬಹುದು. ಚೀಟಿ ಇಲ್ಲದೆ ಅಂಗಡಿಯಿಂದ ತರಬೇಡಿ ಎಂದು ನನ್ನನ್ನೇ ನೋಡಿ ಹೇಳಿದರು. ನಿಂಬೆಯ ಕಥೆ ಮೊಮ್ಮಗಳು ಹೇಳಿಬಿಟ್ಟಿದ್ದಳು. ಅವಳ ಮಸೂರದಲ್ಲೂ ಒಂದೆರಡು ಚುಕ್ಕೆ ಇವೆ. ಆದರೂ ಹನಿ ಹಾಕುವ ಮೊದಲು ಬೋರ್ಡಿನ ಕೊನೆಯ ಸಾಲನ್ನು ಪಟಪಟ ಓದಿದ್ದಳು. ನಾನು ಮೂರನೆಯದಕ್ಕೇ ತಡವರಿಸಿದೆ. ಅವಳನ್ನು ವರ್ಷಕ್ಕೊಮ್ಮೆ ತೋರಿಸಬೇಕು.

ಬಸ್ಸಿನಲ್ಲಿ ಬರುವಾಗ ಮುದ್ದೇಬಿಹಾಳ ನೆನಪಾಯಿತು. ಅಲ್ಲಿ ಬ್ಯಾಂಕಿನ ಕೌಂಟರಿನಲ್ಲಿದ್ದಾಗ ಹುಬ್ಬು, ರೆಪ್ಪೆ ಇಲ್ಲದ ಗ್ರಾಹಕರೊಬ್ಬರು ಬಂದಿದ್ದರು. ಪಾಸ್‌ಬುಕ್ಕಿನ ಫೋಟೋದಲ್ಲಿ ತಲೆತುಂಬ ಕೂದಲು. "ಇದು ನೀವಲ್ಲ" ಎಂದು ಪಾಳಿಯಲ್ಲಿ ನಿಂತವರೆಲ್ಲರ ಎದುರು ಗಟ್ಟಿಯಾಗಿ ಹೇಳಿದೆ. ಅವರ ಕಣ್ಣಲ್ಲಿ ನೀರಾಡಿತು. ಧೂಳಿಗೋ, ನನ್ನ ಮಾತಿಗೋ, ಕೇಳಲಿಲ್ಲ. ಸಹಿ ಹೊಂದಿತು, ಹಣ ಕೊಟ್ಟೆ. ತಪ್ಪಾಯಿತು ಅನ್ನಲಿಲ್ಲ.

ಮೊಮ್ಮಗಳು ಈಗ ದೊಡ್ಡ ಕನ್ನಡಕ ಹಾಕಿ ಶಾಲೆಗೆ ಹೋಗುತ್ತಾಳೆ. ನಂಬರಿಲ್ಲ, ಬರೀ ಧೂಳಿಗೆ. ಗೆಳತಿಯರು ಕೇಳಿದರೆ "ರೆಪ್ಪಿ ರಜಾ ಮ್ಯಾಲ ಹೋಗ್ಯಾವ" ಅನ್ನುತ್ತಾಳಂತೆ. ಮೊನ್ನೆ ಎಡಗಣ್ಣಿಗೆ ಮೂರು ಬಿಳಿ ಕೂದಲು ಬಂದಿವೆ. ಕನ್ನಡಿ ಹಿಡಿದು ಓಡಿಬಂದಳು: "ಮುತ್ಯಾ, ನಿನ್ನಂಗ ಆಗ್ಯಾವ ನೋಡು!"